ಐಸ್‌ಲ್ಯಾಂಡ್ ಕುದುರೆ ಮೇಲೆ ಟೋಲ್ಟ್: ಮೊದಲ ಸಲ ಹತ್ತೋರಿಗೆ ಒಂದು ಗೈಡ್

ಐಸ್‌ಲ್ಯಾಂಡ್‌ಗೆ ಹೋಗೋ ನಮ್ಮೋರ ಲಿಸ್ಟ್‌ನಲ್ಲಿ ಜಲಪಾತ, ಬ್ಲೂ ಲಗೂನ್, ನಾರ್ದರ್ನ್ ಲೈಟ್ಸ್ ಎಲ್ಲಾ ಮೊದಲು ಬರತ್ತೆ, ಕುದುರೆ ಸವಾರಿ ಅನ್ನೋದು ಕೊನೇಲಿ, ಟೈಮ್ ಉಳಿದ್ರೆ ಒಂದು ಗಂಟೆ, ಅದೂ ಫೋಟೋಗೆ. ಆ ಒಂದು ಗಂಟೆ ಟೂರ್‌ಗಳಲ್ಲಿ ಬಹಳಷ್ಟು ಸಲ ಕುದುರೆ ಬರೀ ನಡೀತಾ ಹೋಗಿ ನಡೀತಾ ವಾಪಸ್ ಬರತ್ತೆ, ಇಳಿದು ಸೆಲ್ಫಿ ತಗೊಂಡು ಬರ್ತಾರೆ, ಆ ತಳಿನ ಯಾಕೆ ಜಗತ್ತೆಲ್ಲಾ ಹೊಗಳತ್ತೆ ಅನ್ನೋದು ಗೊತ್ತೇ ಆಗಿರಲ್ಲ. ಹೊಗಳೋದು ಅದರ ಟೋಲ್ಟ್‌ಗೆ. ಅದೊಂದು ನಡಿಗೆ, ಅಥವಾ ಓಟ, ಎರಡೂ ಅನ್ನಬಹುದು. ಅದನ್ನ ಸರಿಯಾಗಿ ಅನುಭವಿಸಬೇಕು ಅಂದ್ರೆ ಬುಕಿಂಗ್ ಮಾಡೋ ಹೊತ್ತಿಂದ ಲಗಾಮು ಕೈಗೆ ಬರೋವರೆಗೆ ಏನೇನು ಮಾಡ್ಬೇಕು ಅಂತ ಇಲ್ಲಿ ಬರೀತಿದೀನಿ.

ಮೊದಲು ಟೋಲ್ಟ್ ಅಂದ್ರೆ ಏನು ಅಂತ ತಿಳ್ಕೊಳ್ಳಿ, ಇದು ಗೊತ್ತಿಲ್ದೆ ಮೇಲೆ ಕೂತ್ರೆ ಉಪಯೋಗ ಇಲ್ಲ.

ಸಾಮಾನ್ಯ ಕುದುರೆಗೆ ನಡಿಗೆ, ಟ್ರಾಟ್, ಕ್ಯಾಂಟರ್, ಗ್ಯಾಲಪ್ ಇಷ್ಟು ಇರತ್ತೆ. ಐಸ್‌ಲ್ಯಾಂಡ್‌ನೋರು ಕ್ಯಾಂಟರ್ ಗ್ಯಾಲಪ್ ಎರಡನ್ನೂ ಒಂದೇ ಅಂತ ಲೆಕ್ಕ ಹಾಕ್ತಾರೆ, ಹಾಗಾಗಿ ಅವರ ಲೆಕ್ಕದಲ್ಲಿ ಫೆಟ್ ಅಂದ್ರೆ ನಡಿಗೆ, ಬ್ರೊಕ್ ಅಂದ್ರೆ ಟ್ರಾಟ್ ಅಂದ್ರೆ ನಮ್ಮ ಕುಕ್ಕುಲೋಟ, ಸ್ಟೋಕ್ ಅಂದ್ರೆ ನಾಗಾಲೋಟ. ಇದರ ಮೇಲೆ ಟೋಲ್ಟ್ ನಾಲ್ಕನೇದು. ಕೆಲವು ಕುದುರೆಗೆ ಐದನೇದೂ ಇರತ್ತೆ, ಸ್ಕೇಯ್ಡ್ ಅಂತ, ಒಂದೇ ಪಕ್ಕದ ಎರಡು ಕಾಲು ಒಟ್ಟಿಗೆ ಮುಂದೆ ಹೋಗಿ ಮಧ್ಯದಲ್ಲಿ ನಾಲ್ಕೂ ಕಾಲು ಗಾಳೀಲಿರೋ ಅಂಥ ಓಟ. ಅದು ರೇಸ್‌ಗೆ, ನೂರಿನ್ನೂರು ಮೀಟರ್ ಅಷ್ಟೇ, ನಮಗೆ ನಿಮಗೆ ಅದರ ಗೊಡವೆ ಬೇಡ.

ಟೋಲ್ಟ್‌ನಲ್ಲಿ ಕಾಲು ಬೀಳೋ ಕ್ರಮ ನಡಿಗೇಲಿ ಇದ್ದ ಹಾಗೇ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ನಾಲ್ಕು ಪೆಟ್ಟು, ನಾಲ್ಕರ ಮಧ್ಯೆನೂ ಸಮ ಅಂತರ. ವ್ಯತ್ಯಾಸ ಏನಪ್ಪಾ ಅಂದ್ರೆ ನಡಿಗೇಲಿ ನೆಲದ ಮೇಲೆ ಎರಡು ಇಲ್ಲಾ ಮೂರು ಕಾಲು ಇರತ್ತೆ, ಟೋಲ್ಟ್‌ನಲ್ಲಿ ಒಂದು, ಎರಡು, ಒಂದು, ಎರಡು ಅಂತ ಬದಲಾಗ್ತಾ ಹೋಗತ್ತೆ. ಟ್ರಾಟ್‌ನಲ್ಲಿ ಹಾಗಲ್ಲ, ಮೂಲೆಯಿಂದ ಮೂಲೆಗೆ ಎರಡೆರಡು ಕಾಲು ಜೋಡಿಯಾಗಿ ಬಿದ್ದು, ಮಧ್ಯೆ ಒಂದು ಕ್ಷಣ ಕುದುರೆ ಪೂರ್ತಿ ಗಾಳೀಲಿರತ್ತೆ, ಮತ್ತೆ ದೊಪ್ ಅಂತ ಇಳಿಯತ್ತೆ, ಆ ಇಳಿಯೋ ಪೆಟ್ಟೇ ನಿಮ್ಮ ಸೊಂಟಕ್ಕೆ ಬೀಳೋದು. ಟೋಲ್ಟ್‌ನಲ್ಲಿ ಯಾವಾಗ್ಲೂ ಒಂದು ಕಾಲಾದ್ರೂ ನೆಲ ಹಿಡಿದಿರೋದ್ರಿಂದ ಆ ಎತ್ತಿ ಕುಕ್ಕೋದು ಇಲ್ಲವೇ ಇಲ್ಲ. ಬಿಯರ್ ತುಂಬಿದ ಗ್ಲಾಸ್ ಒಂದು ಕೈಲಿ ಹಿಡ್ಕೊಂಡು ಜೋರಾಗಿ ಓಡಿಸಿ ಯಾರ ಗ್ಲಾಸ್‌ನಲ್ಲಿ ಜಾಸ್ತಿ ಉಳಿಯತ್ತೆ ಅಂತ ಪಂದ್ಯ ಇಡ್ತಾರೆ ಅಲ್ಲಿ, ಬಿಯರ್ ಟೋಲ್ಟ್ ಅಂತಾನೇ ಅದಕ್ಕೆ ಹೆಸರು, ವಿಡಿಯೋ ಸುಮಾರು ಸಿಗತ್ತೆ ನೋಡಿ.

ಇದನ್ನ ಕಿವಿಗೆ ಹತ್ತಿಸ್ಕೊಳ್ಳೋಕೆ ನಮ್ಮೋರಿಗೆ ಒಂದು ಅನುಕೂಲ ಇದೆ, ಕೊನ್ನಕ್ಕೋಲು, ಅಂದ್ರೆ ತಾಳದ ಸೊಲ್ಲನ್ನ ಬಾಯಲ್ಲೇ ಹೇಳೋದು. ಟೋಲ್ಟ್ ಅಂದ್ರೆ ಶುದ್ಧ ಚತುರಶ್ರ, ನಾಲ್ಕರ ಎಣಿಕೆ: ತ ಕ ಧಿ ಮಿ, ತ ಕ ಧಿ ಮಿ, ಒಂದಕ್ಷರ ಹೆಚ್ಚಿಲ್ಲ ಕಮ್ಮಿ ಇಲ್ಲ. ನಡಿಗೆ ಅದೇ ತಕಧಿಮಿ ವಿಳಂಬದಲ್ಲಿ, ಅಂದ್ರೆ ನಿಧಾನವಾಗಿ. ಟ್ರಾಟ್ ಬರೀ ಎರಡು ಪೆಟ್ಟು, ತ... ಕ... ತ... ಕ. ಕ್ಯಾಂಟರ್ ತಕಿಟ, ಒಂದು ಉಸಿರು, ಮತ್ತೆ ತಕಿಟ. ಮನೇಲಿ ಕೂತು ವಿಡಿಯೋ ಹಾಕಿ ಕಣ್ಣು ಮುಚ್ಚಿ ಕೇಳಿ, ಯಾವುದು ಯಾವುದು ಅಂತ ಗುರುತು ಹಿಡಿಯೋ ಅಭ್ಯಾಸ ಮಾಡಿ. ಒಂದು ಸಂಜೆ ಸಾಕು. ಮುಂದೆ ಕುದುರೆ ಮೇಲೆ ಇದೊಂದೇ ನಿಮ್ಮ ಕೈ ಹಿಡಿಯೋದು, ಯಾಕಂದ್ರೆ ಮೇಲೆ ಕೂತಾಗ ಕಾಲು ಕಾಣಲ್ಲ, ಕೇಳಿಸತ್ತೆ.

ಬುಕಿಂಗ್ ಮಾಡೋವಾಗ

ಒಂದು ಗಂಟೆದು ಬೇಡ. ಎರಡು-ಮೂರು ಗಂಟೆ ಟೂರ್ ತಗೊಳ್ಳಿ, ಮತ್ತೆ ಮೇಲ್‌ನಲ್ಲೇ ನೇರವಾಗಿ ಕೇಳಿ, "ನಮಗೆ ಟೋಲ್ಟ್ ಮಾಡೋಕೆ ಅವಕಾಶ ಇರತ್ತಾ, ಗ್ರೂಪ್‌ನ ಅನುಭವದ ಪ್ರಕಾರ ಬೇರೆ ಮಾಡ್ತೀರಾ" ಅಂತ. ಬೇರೆ ಮಾಡಲ್ಲ ಅಂದ್ರೆ ಗ್ರೂಪ್‌ನಲ್ಲಿ ಹೆದರಿಕೊಂಡಿರೋರು ಒಬ್ರಿದ್ರೂ ಎಲ್ಲರೂ ನಡಿಗೇಲೇ ಹೋಗ್ಬೇಕಾಗತ್ತೆ, ಅದು ಸರಿಯಾದ್ದೇ, ಆದ್ರೆ ನಿಮ್ಮ ಕೆಲಸ ಆಗಲ್ಲ. ಸಾಧ್ಯ ಇದ್ರೆ ಟೂರ್ ಬದಲು ಮೈದಾನದಲ್ಲಿ ಒಂದು ಪ್ರೈವೇಟ್ ಪಾಠ ತಗೊಳ್ಳಿ, ನನ್ನ ಪ್ರಕಾರ ದುಡ್ಡಿಗೆ ಅದೇ ಲಾಭ. ಟೀಚರ್ ಪಕ್ಕದಲ್ಲಿ ನಿಂತು "ಈಗ ಟೋಲ್ಟ್, ಈಗ ಅಲ್ಲ" ಅಂತ ಹೇಳ್ತಾ ಇದ್ರೆ ಹತ್ತು ನಿಮಿಷದಲ್ಲಿ ಮೈಗೆ ಅರ್ಥ ಆಗಿಬಿಡತ್ತೆ.

ನಿಮ್ಮ ಅನುಭವ, ನಿಮ್ಮ ತೂಕ, ಎರಡರ ಬಗ್ಗೆನೂ ಸುಳ್ಳು ಹೇಳಬೇಡಿ. ಈ ಕುದುರೆ ಭುಜದ ಹತ್ರ ಅಳೆದ್ರೆ ಸುಮಾರು 132ರಿಂದ 142 ಸೆಂ.ಮೀ. ಅಷ್ಟೇ, ತೂಕ 330-380 ಕೆ.ಜಿ., ಅದಕ್ಕೇ ಲಾಯದೋರು ಸವಾರನ ತೂಕಕ್ಕೆ ನೂರು ನೂರಹತ್ತು ಕೆ.ಜಿ. ಆಸುಪಾಸಲ್ಲಿ ಮಿತಿ ಇಟ್ಟಿರ್ತಾರೆ, ಜಾಗದಿಂದ ಜಾಗಕ್ಕೆ ಬದಲಾಗತ್ತೆ, ಕೇಳ್ಕೊಳ್ಳಿ. ಗಾತ್ರ ನೋಡಿ ಪೋನಿ ಅಂತ ಮಾತ್ರ ಅಲ್ಲಿ ಯಾರ ಮುಂದೇನೂ ಅನ್ನಬೇಡಿ, ಅವರಿಗೆ ಇದು ಕುದುರೆನೇ, ದೊಡ್ಡ ಗಂಡಸನ್ನ ಹೊತ್ಕೊಂಡು ಲಾವಾ ಬಯಲು ದಾಟಿ ನದಿ ದಾಟಿ ದಿನಗಟ್ಟಲೆ ಹೋಗೋ ಕುದುರೆ.

ಬೇಸಿಗೇಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಒಳನಾಡಿನ ಬೆಟ್ಟಗಳಲ್ಲಿ ವಾರಗಟ್ಟಲೆ ಟೂರ್‌ಗಳೂ ಇರತ್ತೆ, ಸವಾರರಿಗಿಂತ ಜಾಸ್ತಿ ಕುದುರೆ ಜೊತೇಲೇ ಬಿಟ್ಕೊಂಡು ಹೋಗಿ ಮಧ್ಯೆ ಮಧ್ಯೆ ಬದಲಾಯಿಸ್ತಾರೆ. ಅದು ಖಂಡಿತಾ ಮೊದಲ ಸಲದೋರಿಗಲ್ಲ, ಎಷ್ಟೇ ಆಸೆ ಆದ್ರೂ.

ಬ್ಯಾಗ್‌ಗೆ ಏನು ಹಾಕ್ಬೇಕು, ಏನು ಹಾಕಲೇಬಾರದು

ಇದು ತುಂಬಾ ಸೀರಿಯಸ್ ವಿಷಯ. ಬೆಂಗಳೂರಲ್ಲೋ ಮೈಸೂರಲ್ಲೋ ರೈಡಿಂಗ್ ಕಲೀತಿರೋರು ತಮ್ಮ ಗ್ಲೌಸು, ಚಾಪ್ಸು (ಕಾಲಿಗೆ ಹಾಕೋ ಕವಚ), ಬೂಟು ತಗೊಂಡು ಹೋಗೋ ಯೋಚನೆ ಮಾಡ್ತಾರೆ. ಬಳಸಿದ ಜೀನು (ಸ್ಯಾಡಲ್), ಕಡಿವಾಣ, ಚಾವಟಿ, ಚರ್ಮದ ಗ್ಲೌಸು ಇಂಥವನ್ನ ಐಸ್‌ಲ್ಯಾಂಡ್ ಒಳಗೆ ತಗೊಂಡು ಹೋಗೋ ಹಾಗೇ ಇಲ್ಲ. ಬಳಸಿದ ಸವಾರಿ ಬಟ್ಟೆ ಇದ್ರೆ ನಿಯಮದ ಪ್ರಕಾರ ಒಗೆದು ಸೋಂಕುನಿವಾರಣೆ ಮಾಡಿರ್ಬೇಕು. ಕಾರಣ ಇಷ್ಟೇ, ಅಲ್ಲಿನ ಕುದುರೆಗಳು ಸಾವಿರ ವರ್ಷದಿಂದ ಹೊರಗಿನ ಕುದುರೆನೇ ನೋಡಿಲ್ಲ. ಕ್ರಿ.ಶ. 982ರಲ್ಲೇ ಆಲ್ಥಿಂಗ್ ಅನ್ನೋ ಅವರ ಸಂಸತ್ತು ಹೊರಗಿಂದ ಕುದುರೆ ತರೋದನ್ನ ನಿಷೇಧ ಮಾಡ್ತು ಅಂತ ಹೇಳ್ತಾರೆ, ಇವತ್ತಿಗೂ ಅದೇ ಪದ್ಧತಿ, ಅಲ್ಲಿಂದ ಒಂದು ಸಲ ಹೊರಗೆ ಹೋದ ಕುದುರೆ, ವಿಶ್ವ ಚಾಂಪಿಯನ್ ಆಗಿದ್ರೂ ಸೈತ, ವಾಪಸ್ ಬರೋ ಹಾಗಿಲ್ಲ. ಬೇರೆ ಕಡೆ ಮಾಮೂಲಿ ಅನ್ನಿಸೋ ಕಾಯಿಲೆಗಳಿಗೂ ಅವಕ್ಕೆ ತಡ್ಕೊಳ್ಳೋ ಶಕ್ತಿ ಇಲ್ಲ, ನಿಮ್ಮ ಗ್ಲೌಸ್‌ನಲ್ಲಿ ಬಂದ ರೋಗ ಇಡೀ ದೇಶದ ಲಾಯಗಳಿಗೆ ಹಬ್ಬಬಹುದು.

ಹಾಗಾಗಿ ಏನೂ ಬೇಡ. ಹೆಲ್ಮೆಟ್, ಮಳೆ ತಡೆಯೋ ಓವರಾಲ್ ಸಾಮಾನ್ಯವಾಗಿ ಅವರೇ ಕೊಡ್ತಾರೆ. ನೀವು ಥರ್ಮಲ್ ಹಾಕ್ಕೊಳ್ಳಿ, ಮೇಲೆ ಉಣ್ಣೆದೊಂದು, ಜೀನ್ಸ್ ಬೇಡ ಒದ್ದೆಯಾದ್ರೆ ಕಲ್ಲಾಗತ್ತೆ. ಹೊಸ ತೆಳು ಉಣ್ಣೆ ಗ್ಲೌಸ್, ಪಾದದ ಮೇಲೆ ಗಂಟು ಮುಚ್ಚೋ ಶೂ, ದೊಡ್ಡ ದೊಡ್ಡ ಹಲ್ಲಿರೋ ಟ್ರೆಕಿಂಗ್ ಶೂ ಆದ್ರೆ ರಿಕಾಪಿನಲ್ಲಿ (ಕಾಲಿಡೋ ಬಳೆ, ಸ್ಟಿರಪ್) ಸಿಕ್ಕಿಹಾಕ್ಕೊಳ್ಳೋ ಸಾಧ್ಯತೆ ಇದೆ, ನೋಡ್ಕೊಳ್ಳಿ. ಮಫ್ಲರ್ ನೇತಾಡಿಸ್ಕೊಂಡು ಹೋಗಬೇಡಿ. ಜುಲೈ ತಿಂಗಳಾದ್ರೂ ಗಾಳಿ ಅಂದ್ರೆ ಗಾಳಿ.

ಹತ್ತೋ ಮುಂಚೆ

ಲಾಯದಲ್ಲಿ ಕುದುರೆ ಹಂಚೋವಾಗ ಹೇಳಿ, ನನಗೆ ಟೋಲ್ಟ್ ಸಲೀಸಾಗಿ ಬರೋ ಕುದುರೆ ಕೊಡಿ ಅಂತ. ಎಲ್ಲಾ ಕುದುರೆಗೂ ಟೋಲ್ಟ್ ಒಂದೇ ಥರ ಬರಲ್ಲ. ಕೆಲವಕ್ಕೆ ಮೇಯೋಕೆ ಬಿಟ್ಟಾಗ್ಲೂ ಅದೇ ನಡಿಗೆ, ಮರಿ ಇದ್ದಾಗ್ಲಿಂದ್ಲೇ ತಾಯಿ ಪಕ್ಕ ಟೋಲ್ಟ್ ಮಾಡ್ತಾ ಓಡತ್ತೆ, ಕೆಲವಕ್ಕೆ ಒಳ್ಳೆ ಸವಾರ ಕೂತು ಕೇಳಿದ್ರೆ ಮಾತ್ರ.

ಇದು ರಕ್ತದಲ್ಲೇ ಬರೋ ವಿಷಯ. 2012ರಲ್ಲಿ ಸ್ವೀಡನ್‌ನ ಉಪ್ಸಾಲಾದ ವಿಜ್ಞಾನಿಗಳ ತಂಡ ಡಿಎಂಆರ್‌ಟಿ3 ಅನ್ನೋ ಜೀನ್‌ನಲ್ಲಿ ಒಂದು ಬದಲಾವಣೆ ಇದೆ ಅಂತ ಕಂಡುಹಿಡೀತು, ಬೆನ್ನುಹುರೀಲಿ ಎಡಗಾಲು ಬಲಗಾಲು ಹಿಂಗಾಲು ಮುಂಗಾಲುಗಳ ತಾಳಮೇಳ ನೋಡ್ಕೊಳ್ಳೋ ನರಕೋಶಗಳಲ್ಲಿ ಈ ಜೀನ್ ಕೆಲಸ ಮಾಡತ್ತೆ. ಆ ಬದಲಾದ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದ್ರೆ ಸಾಮಾನ್ಯವಾಗಿ ಐದೂ ನಡಿಗೆಯ ಕುದುರೆ, ಒಬ್ಬರಿಂದ ಬಂದ್ರೆ ಹೆಚ್ಚಾಗಿ ನಾಲ್ಕು ನಡಿಗೆಯದ್ದು. ಪೆರುವಿನ ಪಾಸೊ, ಅಮೆರಿಕದ ಟೆನೆಸೀ ವಾಕರ್ ಥರದ ಬೇರೆ ಮೃದು ನಡಿಗೆಯ ತಳಿಗಳಲ್ಲೂ ಇದೇ ಬದಲಾವಣೆ ಸಿಕ್ಕಿದೆ. 2016ರಲ್ಲಿ ಹಳೇ ಮೂಳೆಗಳ ಡಿಎನ್ಎ ನೋಡಿದಾಗ ಇಂಗ್ಲೆಂಡ್‌ನಲ್ಲಿ ಒಂಬತ್ತನೇ ಶತಮಾನದ ಕುದುರೆಗಳಲ್ಲೂ, ಐಸ್‌ಲ್ಯಾಂಡ್‌ನ ವೈಕಿಂಗ್ ಕಾಲದ ಕುದುರೆಗಳಲ್ಲೂ ಅದು ಕಾಣಿಸ್ತು. ರಸ್ತೆ ಇಲ್ಲದ, ಗಾಡಿ ಹೋಗದ ನಾಡಲ್ಲಿ ದಿನವಿಡೀ ಜೀನಿನ ಮೇಲೆ ಕೂರೋರಿಗೆ ಸೊಂಟ ಮುರಿಯದ ಕುದುರೆನೇ ಬೇಕಲ್ವಾ, ಅಂಥದ್ದನ್ನೇ ಆರಿಸಿ ಆರಿಸಿ ಬೆಳೆಸಿದ್ದಾರೆ.

ಈಗ ಕುದುರೆ ಬೆನ್ನ ಮೇಲಿರೋ ಜೀನು ನೋಡಿ. ನೀವು ಬೇರೆ ಕಡೆ ಕಲಿತಿದ್ರೆ ಇದು ಸ್ವಲ್ಪ ಹಿಂದಕ್ಕೆ ಹಾಕಿರೋ ಹಾಗೆ, ಚಪ್ಪಟೆಯಾಗಿ ಕಾಣತ್ತೆ, ಕುದುರೆಯ ಭುಜ ಸರಾಗವಾಗಿ ಆಡ್ಲಿ ಅಂತ ಹಾಗಿರೋದು, ಮುಂದೆ ತಳ್ಳೋಕೆ ಹೋಗಬೇಡಿ. ಗರ್ತ್ ಅಂತಾರಲ್ಲ, ಹೊಟ್ಟೆಪಟ್ಟಿ, ಬಿಗಿಯಾಗಿದ್ಯಾ ಅಂತ ಗೈಡ್ ಕೈಲಿ ನೋಡಿಸಿ. ರಿಕಾಪು ಉದ್ದಕ್ಕೆ ಇಟ್ಕೊಳ್ಳಿ, ಕಾಲು ಕೆಳಗೆ ಚಾಚಿರ್ಬೇಕು, ರೇಸ್ ಜಾಕಿ ಥರ ಮೊಣಕಾಲು ಮೇಲೆ ಬಂದ್ರೆ ಟೋಲ್ಟ್ ಮರೆತುಬಿಡಿ.

ಈಗ ನಿಜವಾದ ಕೆಲಸ

ಹತ್ತಿದ ತಕ್ಷಣ ಓಡಿಸೋ ಆತುರ ಬೇಡ, ಹತ್ತು ಹದಿನೈದು ನಿಮಿಷ ನಡಿಗೇಲಿ ಹೋಗಿ. ಸುಮ್ನೆ ಹೋಗೋದಲ್ಲ, ಚುರುಕಾದ ನಡಿಗೆ, ಎಲ್ಲಿಗೋ ಹೊತ್ತಾಯ್ತು ಅನ್ನೋ ಹಾಗೆ. ಬಾಯಲ್ಲೇ ತ ಕ ಧಿ ಮಿ ಹೇಳ್ಕೊಳ್ಳಿ, ಸೊಂಟದ ಎಡಬದಿ ಬಲಬದಿ ಒಂದಾದ ಮೇಲೊಂದು ಕೆಳಗೆ ಹೋಗೋದು ಗೊತ್ತಾಗತ್ತೆ, ಅದನ್ನ ತಡೀಬೇಡಿ.

ಆಮೇಲೆ ಟೋಲ್ಟ್ ಕೇಳೋದು. ಮುಖ್ಯವಾಗಿ ನೆನಪಿಟ್ಕೊಳ್ಳಿ, ಟೋಲ್ಟ್‌ಗೆ ನಡಿಗೆಯಿಂದ ಹೋಗ್ಬೇಕು, ಟ್ರಾಟ್‌ನಿಂದ ಅಲ್ಲ, ಕಾಲಿನ ಕ್ರಮ ನಡಿಗೇದೇ ಆದ್ದರಿಂದ ಅದನ್ನೇ ಚುರುಕು ಮಾಡೋದು ಸುಲಭ. ಗಟ್ಟಿಯಾದ ಸಮ ನೆಲ ಆರಿಸ್ಕೊಳ್ಳಿ, ಜಲ್ಲಿ ರಸ್ತೆ ಆದ್ರೆ ಬೆಸ್ಟು, ಮೆತ್ತಗಿನ ಗುಂಡಿ ಗುಂಡಿ ನೆಲದಲ್ಲಿ ಕುದುರೆ ಟ್ರಾಟ್‌ಗೆ ಜಾರೋದು ಜಾಸ್ತಿ. ಬೆನ್ನು ನೆಟ್ಟಗೆ, ಕುಂಡೆ ಜೀನಿನೊಳಗೆ ಭಾರವಾಗಿ ಇಳಿಬಿಡಿ, ಎದೆ ತೆರೆದು ಕಣ್ಣು ದೂರ. ಲಗಾಮನ್ನ ಸ್ವಲ್ಪ ಗಿಡ್ಡ ಮಾಡಿ, ಕೈ ಸ್ವಲ್ಪ ಎತ್ತರ, ಕುದುರೆ ತಲೆ ಕತ್ತು ಮೇಲೆತ್ತಿ ಭಾರನ ಹಿಂಗಾಲ ಮೇಲೆ ಹಾಕ್ಕೊಳ್ಳೋ ಹಾಗೆ. ಈಗ ಎರಡೂ ಮೀನಖಂಡದಿಂದ ಹೊಟ್ಟೆ ಮೆಲ್ಲಗೆ ಒತ್ತಿ, ಅದೇ ಹೊತ್ತಿಗೆ ಲಗಾಮಲ್ಲಿ ಚೂರು ಹಿಡಿದು ಬಿಟ್ಟು, ಹಿಡಿದು ಬಿಟ್ಟು. ಕಾಲು "ಹೋಗು" ಅನ್ನತ್ತೆ, ಕೈ "ಮುಂದಕ್ಕೆ ಬೀಳಬೇಡ" ಅನ್ನತ್ತೆ. ಎಳೆಯೋದಲ್ಲ ಮತ್ತೆ, ಎಳೆದು ಹಿಡ್ಕೊಂಡೇ ಇರೋದಂತೂ ಬೇಡವೇ ಬೇಡ, ಪಾಪ ಅದರ ಬಾಯಲ್ಲಿ ಕಬ್ಬಿಣ ಇದೆ ಅನ್ನೋದು ನೆನಪಿರ್ಲಿ.

ಸಿಕ್ತು ಅಂದ್ರೆ ನಿಮಗೇ ಗೊತ್ತಾಗತ್ತೆ, ವೇಗ ಜಾಸ್ತಿ ಆಗಿದೆ, ಗಾಳಿ ಮುಖಕ್ಕೆ ಹೊಡೀತಿದೆ, ಮುಂದೆ ಜೂಲು ಹಾರ್ತಿದೆ, ಆದ್ರೆ ನೀವು ಇದ್ದಲ್ಲೇ ಇದೀರ. ಕೆಳಗಿಂದ ತಕಧಿಮಿ ತಕಧಿಮಿ. ಈಗ ಮಾಡ್ಬೇಕಾದ್ದು ಏನು ಅಂದ್ರೆ ಏನೂ ಮಾಡದೇ ಇರೋದು. ಬೆಂಗಳೂರಿನ ರೈಡಿಂಗ್ ಸ್ಕೂಲ್‌ಗಳಲ್ಲಿ ರೇಸ್ ಬಿಟ್ಟ ಥರೋಬ್ರೆಡ್ ಮೇಲೆ ಕಲಿತೋರಿಗೆ ಇದೇ ಕಷ್ಟ, ಅಲ್ಲಿ ಟ್ರಾಟ್ ಬಂತು ಅಂದ್ರೆ ಏಳು-ಕೂರು, ಏಳು-ಕೂರು ಅಂತ ಮೈಗೆ ಅಭ್ಯಾಸ ಆಗಿಬಿಟ್ಟಿರತ್ತೆ, ವೇಗ ಬಂದ ತಕ್ಷಣ ಇಲ್ಲೂ ಎದ್ದು ಕೂರೋಕೆ ಶುರು ಮಾಡ್ತಾರೆ, ಪಾಪ ಕುದುರೆ ಗೊಂದಲ ಆಗಿ ಟ್ರಾಟ್‌ಗೇ ಹೋಗತ್ತೆ. ಏನೂ ಕಲಿಯದೇ ಬಂದೋರು ಮೂಟೆ ಹಾಗೆ ಕೂತಿರ್ತಾರೆ, ಅವರಿಗೆ ಬೇಗ ಸಿಗತ್ತೆ. ಇನ್ನೊಂದು, ಹೆದರಿಕೆ ಆದಾಗ ಮುಂದಕ್ಕೆ ಬಗ್ಗೋದು ಮನುಷ್ಯ ಸಹಜ, ಬಗ್ಗಿದ್ರೆ ಭಾರ ಮುಂದೆ ಹೋಗಿ ಟೋಲ್ಟ್ ಕೆಡತ್ತೆ, ಹೆದರಿಕೆ ಆದ್ರೆ ಜೂಲು ಹಿಡ್ಕೊಂಡು ಹಿಂದಕ್ಕೇ ಕೂತ್ಕೊಳ್ಳಿ.

ಕೆಟ್ರೆ ಹೇಗೆ ಗೊತ್ತಾಗತ್ತೆ, ಏನು ಮಾಡೋದು

ಎರಡು ಥರ ಕೆಡತ್ತೆ. ಒಂದು, ಮೇಲಕ್ಕೆ ಕೆಳಕ್ಕೆ ಕುಕ್ಕೋಕೆ ಶುರುವಾಗತ್ತೆ, ಅಂದ್ರೆ ಮೂಲೆ ಜೋಡಿ ಕಾಲುಗಳು ಹತ್ರ ಹತ್ರ ಬೀಳ್ತಿವೆ, ಟ್ರಾಟ್ ಕಡೆ ಹೋಗ್ತಿದೆ. ಹಾಗಾದ್ರೆ ನಡಿಗೆಗೆ ಇಳಿಸಿ, ಮತ್ತೆ ಸರಿಯಾಗಿ ಕೂತು, ತಲೆ ಎತ್ತಿಸಿ, ಮೊದಲಿಂದ ಕೇಳಿ. ಕುಕ್ಕಿಸ್ಕೊಂಡೇ "ಈಗ ಸರಿಹೋಗತ್ತೆ" ಅಂತ ಅರ್ಧ ಕಿಲೋಮೀಟರ್ ಹೋಗೋದ್ರಲ್ಲಿ ಅರ್ಥ ಇಲ್ಲ.

ಇನ್ನೊಂದು ಸ್ವಲ್ಪ ಮೋಸದ್ದು. ಕುಕ್ಕಲ್ಲ, ಆದ್ರೆ ಎಡಕ್ಕೆ ಬಲಕ್ಕೆ ಓಲಾಡಿಸತ್ತೆ. ಕೇಳಿದ್ರೆ ಸಮ ತಕಧಿಮಿ ಇರಲ್ಲ, ತಕ್-ಧಿಮ್, ತಕ್-ಧಿಮ್ ಅಂತ ಎರಡೆರಡು ಅಂಟಿಕೊಂಡಿರತ್ತೆ. ಒಂದೇ ಪಕ್ಕದ ಕಾಲುಗಳು ಒಟ್ಟಿಗೆ ಬೀಳೋಕೆ ಶುರುವಾಗಿದೆ ಅಂತ ಅರ್ಥ, ಅಂದ್ರೆ ಸ್ಕೇಯ್ಡ್ ಕಡೆ ವಾಲಿದೆ, ಆದ್ರೆ ಸ್ಕೇಯ್ಡ್‌ನ ವೇಗ ಬಿರುಸು ಯಾವುದೂ ಇಲ್ಲ. ಹಂದಿ ನಡಿಗೆ ಅಂತ ಇಂಗ್ಲಿಷ್ ಮಾತಾಡೋ ಸವಾರರು ಗೇಲಿ ಮಾಡ್ತಾರೆ ಇದಕ್ಕೆ. ಬಹಳಷ್ಟು ಟೂರಿಸ್ಟ್‌ಗಳು ಇದನ್ನೇ ಟೋಲ್ಟ್ ಅಂದ್ಕೊಂಡು ಖುಷಿಯಾಗಿ ಬರ್ತಾರೆ, ಕುಕ್ಕಲಿಲ್ಲವಲ್ಲ ಅಂತ. ಸಾಮಾನ್ಯವಾಗಿ ಕುದುರೆ ಸುಸ್ತಾಗಿರತ್ತೆ, ಇಲ್ಲಾ ಬೆನ್ನು ಬಿಗಿ ಹಿಡಿದಿರತ್ತೆ, ಇಲ್ಲಾ ಸವಾರ ಲಗಾಮು ಜಗ್ಗಿ ಹಿಡ್ಕೊಂಡಿರ್ತಾನೆ. ಕೈ ಸಡಿಲ ಮಾಡಿ, ವೇಗ ಇಳಿಸಿ, ಜಾಗ ಇದ್ರೆ ದೊಡ್ಡ ವೃತ್ತದಲ್ಲಿ ತಿರುಗಿಸಿ, ನಡಿಗೇಲಿ ಕತ್ತು ಚಾಚೋಕೆ ಬಿಡಿ. ಅನುಭವ ಇರೋರು ಇಂಥ ಕುದುರೆನ ಬೇಕಂತಲೇ ಸ್ವಲ್ಪ ಹೊತ್ತು ಟ್ರಾಟ್ ಮಾಡಿಸಿ ಅಂಟಿದ ಪೆಟ್ಟುಗಳನ್ನ ಬಿಡಿಸ್ತಾರೆ. ನೀವು ಗೈಡ್‌ಗೆ ಹೇಳಿ ಸಾಕು.

ಹಿಂದೆ ಬರೋರ ಹತ್ರ ಒಂದು ವಿಡಿಯೋ ತೆಗೆಸ್ಕೊಳ್ಳಿ, ಪಕ್ಕದಿಂದ, ಕಾಲು ಕಾಣೋ ಹಾಗೆ. ಸ್ಲೋ ಮೋಷನ್‌ನಲ್ಲಿ ನಾಲ್ಕೂ ಕಾಲು ಗಾಳೀಲಿರೋ ಫ್ರೇಮ್ ಒಂದಾದ್ರೂ ಸಿಕ್ರೆ ಅದು ಟೋಲ್ಟ್ ಅಲ್ಲ. ಮುಖ ಕಾಣೋ ಫೋಟೋಗಿಂತ ಈ ವಿಡಿಯೋ ಜಾಸ್ತಿ ಬೆಲೆ ಬಾಳತ್ತೆ.

ವೇಗದ ವಿಷಯ ಒಂದು ಮಾತು. ಟೋಲ್ಟ್ ನಡಿಗೆಯ ವೇಗದಿಂದ ಹಿಡಿದು ನಾಗಾಲೋಟದ ವೇಗದವರೆಗೂ ಹೋಗತ್ತೆ, ಎಲ್ಲರಿಗೂ ಜೋರಾಗಿ ಹೋಗೋ ಆಸೆ. ಆದ್ರೆ ಕಷ್ಟ ಇರೋದು ನಿಧಾನದ್ದು, ಸಂಗೀತದಲ್ಲಿ ವಿಳಂಬ ಕಾಲದ ಹಾಗೇ ತಾಳ ಜಾರೋದು ಅಲ್ಲೇ. ಸ್ಪರ್ಧೆಗಳಲ್ಲೂ ಟಿ1 ಅನ್ನೋ ವಿಭಾಗದಲ್ಲಿ ಮೊದಲು ನಿಧಾನ ಟೋಲ್ಟ್, ಆಮೇಲೆ ನಿಧಾನದಿಂದ ಹೆಜ್ಜೆ ಉದ್ದ ಮಾಡೋದು, ಕೊನೆಗೆ ಜೋರು. ಟಿ2 ಅಂತ ಇನ್ನೊಂದಿದೆ, ಅದರಲ್ಲಿ ಒಂದು ಭಾಗ ಲಗಾಮನ್ನ ಒಂದೇ ಕೈಲಿ ಸಡಿಲ ಬಿಟ್ಟು ಟೋಲ್ಟ್ ತೋರಿಸ್ಬೇಕು, ಕುದುರೆ ತಾನಾಗೇ ತಾಳ ಹಿಡಿದಿದೆಯೋ ಕೈಲಿ ಕಟ್ಟಿಹಾಕಿದ್ದೋ ಅಂತ ಅಲ್ಲಿ ಬಯಲಾಗತ್ತೆ. ಎರಡು ವರ್ಷಕ್ಕೊಮ್ಮೆ ಬೇಸಿಗೇಲಿ ಲಾಂಡ್ಸ್‌ಮೋಟ್ ಅಂತ ಅಲ್ಲಿನ ದೊಡ್ಡ ಕುದುರೆ ಜಾತ್ರೆ ಆಗತ್ತೆ, ಮೊದಲನೇದು 1950ರಲ್ಲಿ ತಿಂಗ್ವೆಟ್ಲಿರ್‌ನಲ್ಲಿ ಆಗಿದ್ದು. ನಿಮ್ಮ ಟ್ರಿಪ್ ಆ ಟೈಮ್‌ಗೆ ಬಿದ್ರೆ ಒಂದು ದಿನ ಇಟ್ಕೊಳ್ಳಿ, ಒಳ್ಳೆ ಟೋಲ್ಟ್ ಕಣ್ಣಾರೆ ನೋಡಿದ ಮೇಲೆ ನಿಮ್ಮದು ಎಲ್ಲಿದೆ ಅಂತ ಗೊತ್ತಾಗತ್ತೆ.

ದಾರೀಲಿ, ಇಳಿದ ಮೇಲೆ

ಗ್ರೂಪ್‌ನಲ್ಲಿ ಮುಂದಿನ ಕುದುರೆ ಬಾಲಕ್ಕೆ ಅಂಟ್ಕೊಂಡು ಹೋಗಬೇಡಿ, ಒಂದು ಕುದುರೆಯಷ್ಟು ಜಾಗ ಬಿಡಿ. ಮುಂದಿನೋರು ಓಡಿದ್ರೆ ನಿಮ್ಮದೂ ಓಡತ್ತೆ, ಅದಕ್ಕೆ ನೀವು ರೆಡಿ ಇರ್ಬೇಕು. ನೀರು ದಾಟೋವಾಗ ಲಗಾಮು ಸಡಿಲ ಬಿಟ್ಟು ನೀರನ್ನ ನೋಡದೆ ಆಚೆ ದಡ ನೋಡಿ, ಹರಿಯೋ ನೀರು ನೋಡ್ತಿದ್ರೆ ತಲೆ ತಿರುಗತ್ತೆ. ಕುದುರೆಗೆ ದಾರಿ ನಿಮಗಿಂತ ಚೆನ್ನಾಗಿ ಗೊತ್ತು.

ಇಳಿಯೋವಾಗ ಎರಡೂ ಕಾಲು ರಿಕಾಪಿಂದ ತೆಗೆದು ಇಳೀರಿ, ಹೊಟ್ಟೆಪಟ್ಟಿ ಒಂದೆರಡು ತೂತು ಸಡಿಲ ಮಾಡಿ. ಬೆಲ್ಲ ಬಿಸ್ಕತ್ತು ಏನೂ ತಿನ್ನಿಸಬೇಡಿ ಕೇಳದೆ. ರಸ್ತೆ ಪಕ್ಕ ಹೊಲಗಳಲ್ಲಿ ಮೇಯ್ತಿರೋ ಕುದುರೆಗಳಿಗಂತೂ ಕಾರ್ ನಿಲ್ಲಿಸಿ ಬ್ರೆಡ್ ಹಾಕೋದು ಬೇಡ, ರೈತರಿಗೆ ಅದೊಂದು ದೊಡ್ಡ ತಲೆನೋವು.

ಜರ್ಮನೀಲಿರೋ ನಮ್ಮೋರು ಇಷ್ಟಕ್ಕೆಲ್ಲಾ ಐಸ್‌ಲ್ಯಾಂಡ್‌ಗೇ ಹೋಗ್ಬೇಕು ಅಂತಿಲ್ಲ. ಐಸ್‌ಲ್ಯಾಂಡ್ ಬಿಟ್ರೆ ಈ ಕುದುರೆ ಅತಿ ಹೆಚ್ಚಿರೋದು ಅಲ್ಲೇ, ಇಸ್‌ಲಾಂಡ್‌ಫೇರ್ಡ್ (Islandpferd) ಅಂತ ಹುಡುಕಿ, ಹತ್ರದಲ್ಲೇ ಒಂದು ಹಳ್ಳೀಲಿ ಲಾಯ ಸಿಗೋ ಸಾಧ್ಯತೆ ಇದೆ, ಪ್ರತಿ ವಾರ ಪಾಠಕ್ಕೂ ಹೋಗಬಹುದು. ಊರಲ್ಲಿರೋರಿಗೆ ಹತ್ರದ್ದು ಅಂದ್ರೆ ರಾಜಸ್ಥಾನದ ಮಾರ್ವಾಡಿ, ಅದರಲ್ಲೂ ಕೆಲವಕ್ಕೆ ರೇವಾಲ್ ಅಂತ ಕುಕ್ಕದ ನಾಲ್ಕು ಪೆಟ್ಟಿನ ನಡಿಗೆ ಇದೆ. ಅದು ಟೋಲ್ಟ್ ಅಲ್ಲ, ಅಲ್ಲಿ ಕಲಿಸಿದ ಸಿಗ್ನಲ್ ಇಲ್ಲಿ ಕೊಟ್ರೆ ಕುದುರೆ ಕಿವಿ ತಿರುಗಿಸಿ ಸುಮ್ನೆ ನಿಲ್ಲಬಹುದು, ಅದರ ಮಾಲೀಕರನ್ನೇ ಕೇಳಿ, ಮೊದಲು ಅವರು ಒಂದು ಸುತ್ತು ಮಾಡಿ ತೋರಿಸ್ಲಿ, ಆಮೇಲೆ ನೀವು ಹತ್ತಿ.